ಲೆಕ್ಕದ ಹೊರಗಿನ ಸಾವು

ಯುಗಾದಿಗೆ ಮುನ್ನ ಮನೆಯ ಮೂಲೆಮೂಲೆಯ ಧೂಳು ತೆಗೆಯುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಆ ಪದ್ಧತಿ ನನ್ನ ಪುಸ್ತಕದ ಬೀರುವಿಗೂ ಅನ್ವಯಿಸಬೇಕೆಂಬುದು ನನ್ನ ಶ್ರೀಮತಿಯ ಬಹುದಿನದ ಬೇಡಿಕೆ. ಕಾಲೇಜು ಅಧ್ಯಾಪಕನ ಬೀರುವಿನಲ್ಲಿ ಪುಸ್ತಕಗಳಿಗಿಂತ ಕಾಗದಗಳೇ ಹೆಚ್ಚು ಎಂಬ ಗುಟ್ಟನ್ನು ಈ ಅಂಕಣದ ಓದುಗರಿಂದ ನಾನು ಮುಚ್ಚಿಡಬೇಕಾಗಿಲ್ಲ. ಹಳೆಯ ಪ್ರಶ್ನಪತ್ರಿಕೆಗಳು, ಯಾವುದೋ ವಿಚಾರಗೋಷ್ಠಿಯ ಆಹ್ವಾನಪತ್ರಿಕೆ, ಅರ್ಧ ಬರೆದು ಬಿಟ್ಟ ಲೇಖನ, ವಿದ್ಯಾರ್ಥಿಗಳಿಗೆ ಹಿಂದಿರುಗಿಸದೆ ಉಳಿದ ಪ್ರಬಂಧಗಳು, ಇವೆಲ್ಲದರ ನಡುವೆ ಈ ಸಲ ಒಂದು ಅರ್ಜಿ ಕೈಗೆ ಸಿಕ್ಕಿತು. ನಾಲ್ಕು ಪುಟದ ಅಚ್ಚಾದ ನಮೂನೆ. ಮೇಲ್ಗಡೆ ಕೆಂಪು ಶಾಯಿಯಲ್ಲಿ ಒಂದು ಷರಾ: ‘ಸರಿಯಾಗಿ ಭರ್ತಿ ಮಾಡಿಲ್ಲ. ಹಿಂದಿರುಗಿಸಿದೆ.’

ಧೂಳು ತೆಗೆಯುವ ಕೆಲಸ ಅಲ್ಲಿಗೇ ನಿಂತಿತು. ನೆಲದ ಮೇಲೆ ಕುಳಿತು ಆ ಕಾಗದವನ್ನು ಬಹಳ ಹೊತ್ತು ನೋಡಿದೆ.

2021ರ ಕೊನೆಯ ತಿಂಗಳುಗಳ ಮಾತು. ಕೋವಿಡ್ ರೋಗದಿಂದ ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ವಿದ್ಯಾರ್ಥಿಗಳಿಗೆ ಒಂದು ದಾನಸಂಸ್ಥೆ ಶುಲ್ಕದ ನೆರವು ನೀಡಲು ಮುಂದೆ ಬಂದಿತ್ತು. ಅರ್ಜಿಗಳನ್ನು ತುಂಬಿಸಿ ಕಳುಹಿಸುವ ಹೊಣೆ ನನ್ನ ಪಾಲಿಗೆ ಬಂತು. ಬಿ.ಎ. ಮೂರನೆಯ ವರ್ಷದ ಒಬ್ಬ ಹುಡುಗ ನನ್ನ ಮೇಜಿನ ಮುಂದೆ ನಿಂತ. ರಾಯಚೂರು ಜಿಲ್ಲೆಯವನು, ಹಾಸ್ಟೆಲಿನಲ್ಲಿ ಇದ್ದುಕೊಂಡು ಓದುತ್ತಿದ್ದವನು. ಅಕ್ಷರ ದುಂಡಗೆ, ಮಾತು ಕಡಮೆ. ಅವನ ಹೆಸರನ್ನು ಇಲ್ಲಿ ಹೇಳುವುದಿಲ್ಲ.

“ಸರ್, ತಂದಿ ತೀರಿಹೋದ ಕಾರಣ ಅಂತ ಒಂದು ಕಾಲಂ ಐತ್ರಿ. ನಮ್ಮಪ್ಪಂದು ಅದರಾಗ ಏನಂತ ಬರೀಬೇಕ್ರಿ?” ಎಂದ.

“ಕೋವಿಡ್ ಎಂದು ಬರೆ. ಆಸ್ಪತ್ರೆಯ ಕಾಗದವಿದ್ದರೆ ಜೊತೆಗೆ ಲಗತ್ತಿಸಪ್ಪ” ಎಂದು ನಾನು ತಲೆಯೆತ್ತದೆಯೇ ಹೇಳಿದೆ.

“ಅವರಿಗೆ ಕೋವಿಡ್ ಆಗಿದ್ದಿಲ್ರಿ” ಎಂದ ಹುಡುಗ.

ಆಗ ತಲೆಯೆತ್ತಿದೆ.

ಅವನ ತಂದೆತಾಯಿಗಳು ಬೆಂಗಳೂರಿನ ಹೊರವಲಯದಲ್ಲಿ ಏಳುತ್ತಿದ್ದ ಬಹುಮಹಡಿ ಕಟ್ಟಡವೊಂದರಲ್ಲಿ ಗಾರೆ ಕೆಲಸಕ್ಕಿದ್ದರು. 2020ರ ಮಾರ್ಚಿಯಲ್ಲಿ ಕೆಲಸ ನಿಂತಿತು. ಮೇಸ್ತ್ರಿ ಫೋನು ಎತ್ತಲಿಲ್ಲ, ವಾರದ ಬಟವಾಡೆ ಬರಲಿಲ್ಲ. ತಗಡಿನ ಶೆಡ್ಡಿನಲ್ಲಿದ್ದ ಅಕ್ಕಿ ನಾಲ್ಕು ದಿನಕ್ಕೆ ಮುಗಿಯಿತು. ಬಸ್ಸಿಲ್ಲ, ರೈಲಿಲ್ಲ. ಊರು ಸುಮಾರು ನಾನೂರು ಕಿಲೋಮೀಟರು. ಅವರು ಹನ್ನೊಂದು ಮಂದಿ ಗಂಟು ಹೊತ್ತುಕೊಂಡು ನಡೆಯತೊಡಗಿದರು. ಹಿರಿಯೂರು ದಾಟಿದ ಮೇಲೆ ಒಂದು ಬೆಳಗಿನ ಜಾವ, ಖಾಲಿ ಹೆದ್ದಾರಿಯಲ್ಲಿ ವೇಗವಾಗಿ ಬಂದ ಯಾವುದೋ ವಾಹನ ಸಾಲಿನ ಕೊನೆಯಲ್ಲಿದ್ದವನಿಗೆ ತಾಗಿ ನಿಲ್ಲದೆ ಹೊರಟುಹೋಯಿತು. ಆ ಕೊನೆಯವನೇ ಈ ಹುಡುಗನ ತಂದೆ.

*

ಆ ದಿನಗಳನ್ನು ನಾವು ಮರೆಯತೊಡಗಿದ್ದೇವೆ. 2020ರ ಮಾರ್ಚಿ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಮಂತ್ರಿಗಳು ದೂರದರ್ಶನದಲ್ಲಿ ಮಾತನಾಡಿದರು. ಅಂದೇ ಮಧ್ಯರಾತ್ರಿಯಿಂದ 21 ದಿನ ಇಡೀ ದೇಶಕ್ಕೆ ಲಾಕ್‌ಡೌನ್. ಅಂದರೆ ನಾಲ್ಕು ಗಂಟೆಗಳ ಅವಧಿ. ಮುಂದೆ ಅದು ಏಪ್ರಿಲ್ 14ರಿಂದ ಮೇ 3ಕ್ಕೆ, 17ಕ್ಕೆ, 31ಕ್ಕೆ ಬೆಳೆಯುತ್ತ ಹೋಯಿತು.

ನಮ್ಮಂಥವರ ಮನೆಗಳಲ್ಲಿ ಆ ದಿನಗಳು ಹೇಗೆ ಕಳೆದವು ಎಂಬುದನ್ನು ನಾಚಿಕೆಯಿಲ್ಲದೆ ಹೇಳಿಬಿಡುತ್ತೇನೆ. ಮೊದಲ ವಾರ ಹೆದರಿಕೆ, ಎರಡನೆಯ ವಾರ ಹಲಸಿನ ಹಪ್ಪಳ. ನನ್ನ ಶ್ರೀಮತಿ ತಾರಸಿಯ ಮೇಲೆ ಮೆಂತ್ಯದ ಸೊಪ್ಪು ಬೆಳೆದಳು. ನಾನು ಹತ್ತು ವರ್ಷದಿಂದ ಓದಬೇಕೆಂದಿದ್ದ ಎರಡು ಸಂಪುಟಗಳನ್ನು ಓದಿದೆ. ನನ್ನ ತಾಯಿಗೆ ಆದ ಲಾಭವೇ ಬೇರೆ. ನಮ್ಮ ಬಡಾವಣೆಯ ಮುಖ್ಯರಸ್ತೆಯನ್ನು ದಾಟುವುದೆಂದರೆ ಅವರಿಗೆ ಬಹಳ ವರ್ಷಗಳಿಂದ ಒಂದು ವೈತರಣಿ. ಏಪ್ರಿಲಿನ ಒಂದು ಬೆಳಗ್ಗೆ ಎದುರಿನ ಅಂಗಡಿಯಿಂದ ಹಾಲು ತರಲು ಹೋದವರು ರಸ್ತೆಯ ನಟ್ಟನಡುವೆ ನಿಂತು ಎರಡೂ ದಿಕ್ಕಿಗೆ ನಿಧಾನವಾಗಿ ನೋಡಿ, ಒಳಗೆ ಬಂದು, “ಈ ರೋಡಿನಲ್ಲಿ ಇಷ್ಟು ದಿನ ಎಷ್ಟು ಜನ ಸತ್ತರಲ್ಲ ಕಣೋ, ಈಗ ಒಬ್ಬರೂ ಸಾಯ್ತಿಲ್ಲ ನೋಡು” ಎಂದರು.

ಅಂಕಿ ಸಂಖ್ಯೆಗಳನ್ನು ಕೂಡಿಸಿ ಕಳೆಯುವವರು ವರ್ಷದ ಮೇಲೆ ಹೇಳಿದ್ದನ್ನು ನನ್ನ ತಾಯಿ ಹಾಲಿನ ಪ್ಯಾಕೆಟ್ಟು ಹಿಡಿದುಕೊಂಡೇ ಹೇಳಿದ್ದರು. ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2019ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,51,113 ಮಂದಿ. ದಿನಕ್ಕೆ ಸುಮಾರು 414. ಮರುವರ್ಷ, ಕೆಲವು ತಿಂಗಳು ದೇಶ ಬಾಗಿಲು ಹಾಕಿಕೊಂಡಿದ್ದ 2020ರಲ್ಲಿ, ಆ ಸಂಖ್ಯೆ 1,31,714ಕ್ಕೆ ಇಳಿಯಿತು. ನಮ್ಮ ಕರ್ನಾಟಕದಲ್ಲಿ ಸುಮಾರು ಹನ್ನೊಂದು ಸಾವಿರವಿದ್ದದ್ದು ಹತ್ತು ಸಾವಿರದೊಳಗೆ ಬಂತು. ಮುಂಬಯಿಯ ಉಪನಗರ ರೈಲಿನ ಹಳಿಗಳ ಮೇಲೆ, ಬಾಗಿಲಿನಿಂದ ಬಿದ್ದೋ ಹಳಿ ದಾಟುವಾಗಲೋ, 2019ರಲ್ಲಿ ಸುಮಾರು 2,700 ಮಂದಿ ಸತ್ತಿದ್ದರು. ಸಾಮಾನ್ಯರಿಗೆ ಆ ರೈಲುಗಳು ಮುಚ್ಚಿದ್ದ 2020ರಲ್ಲಿ ಅದು ಅರ್ಧಕ್ಕಿಂತಲೂ ಕೆಳಗಿಳಿಯಿತು.

ರಸ್ತೆಯ ಲೆಕ್ಕ ಒಂದನ್ನೇ ತೆಗೆದುಕೊಂಡರೂ ವ್ಯತ್ಯಾಸ 19,399. ಹಿಂದಿನ ವರ್ಷದಂತೆಯೇ 2020ರೂ ನಡೆದಿದ್ದರೆ ಸಾಯಬೇಕಾಗಿದ್ದ ಹತ್ತೊಂಬತ್ತು ಸಾವಿರ ಮಂದಿ ಇಂದು ನಮ್ಮ ನಡುವೆ ಎಲ್ಲಿಯೋ ಇದ್ದಾರೆ. ಅವರಲ್ಲಿ ಒಬ್ಬನಿಗೂ ತಾನು ಉಳಿದೆನೆಂಬುದು ತಿಳಿಯದು. ಸೋಮವಾರ ಬೆಳಗ್ಗೆ ಎಂಟೂಮುಕ್ಕಾಲಿಗೆ ಯಾವ ತಿರುವಿನಲ್ಲಿ ಯಾವ ಲಾರಿ ತನಗಾಗಿ ಕಾದಿತ್ತೆಂಬುದು, ಆ ಬೆಳಗ್ಗೆ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತ ಕುಳಿತಿದ್ದವನಿಗೆ ಹೇಗೆ ತಿಳಿದೀತು? ಅವನು ಯಾವ ದೇವರಿಗೂ ಹರಕೆ ಸಲ್ಲಿಸಲಿಲ್ಲ. ನೀವೇ ಆ ಒಬ್ಬರಿರಬಹುದು. ನಾನೂ ಇರಬಹುದು. ಸತ್ತವರನ್ನು ಎಣಿಸುವುದಕ್ಕೆ ಒಂದು ಪುಸ್ತಕವಿದೆ. ಸಾಯದೆ ಉಳಿದವರನ್ನು ಹೆಸರಿಟ್ಟು ಎಣಿಸುವ ಪುಸ್ತಕ ಯಾವ ಸರ್ಕಾರದಲ್ಲಿಯೂ ಇಲ್ಲ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸುಖಾಂತವಾಗುತ್ತಿತ್ತು. ಆದರೆ ಅದೇ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. 2019ರಲ್ಲಿ ನೂರು ಅಪಘಾತಗಳಿಗೆ ಸತ್ತವರು ಸುಮಾರು 34. 2020ರಲ್ಲಿ 36. ಅಪಘಾತ ಕಡಮೆಯಾಯಿತು, ಆದ ಅಪಘಾತ ಹೆಚ್ಚು ಕ್ರೂರವಾಯಿತು. ರಸ್ತೆ ಖಾಲಿಯಾದರೆ ಅದರ ಮೇಲೆ ಹೋಗುವವನ ಕಾಲು ತಾನಾಗಿಯೇ ಒತ್ತುತ್ತದೆ. ಅಮೆರಿಕದಲ್ಲಂತೂ ಇದು ವಿಪರೀತಕ್ಕೆ ಹೋಯಿತು. 2020ರಲ್ಲಿ ಅಲ್ಲಿಯ ವಾಹನಗಳು ಓಡಿದ ದೂರ ಹತ್ತರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು ತಗ್ಗಿತು. ರಸ್ತೆಯಲ್ಲಿ ಸತ್ತವರು ಮಾತ್ರ 36 ಸಾವಿರ ಚಿಲ್ಲರೆಯಿಂದ 38 ಸಾವಿರದ ಮೇಲಕ್ಕೆ ಏರಿದರು. ಹಿರಿಯೂರಿನ ಆಚೆ ಬೆಳಗಿನ ಜಾವ ಬಂದ ಆ ವಾಹನ ನಿಂತಿದ್ದರೆ ಚಾಲಕನನ್ನು ಕೇಳಬಹುದಾಗಿತ್ತು: “ಅಯ್ಯಾ, ಖಾಲಿ ರಸ್ತೆಯಲ್ಲಿ ನಿನಗೆ ಅವಸರವೇನಿತ್ತು?” ಪ್ರಾಯಶಃ ರಸ್ತೆ ಖಾಲಿಯಿತ್ತೆಂಬುದೇ ಅವನ ಉತ್ತರವಾಗುತ್ತಿತ್ತು.

*

ರೋಗದಿಂದಲ್ಲದ ಸಾವುಗಳಲ್ಲಿ ರಸ್ತೆಯದು ಒಂದು ಬಾಗಿಲು ಮಾತ್ರ. ಹೆಂಡ ಇನ್ನೊಂದು ಬಾಗಿಲು. ದಕ್ಷಿಣ ಆಫ್ರಿಕ 2020ರ ಮಾರ್ಚಿ 27ರಿಂದ ಜನರನ್ನು ಮನೆಯೊಳಗೆ ಇರಿಸಿದ್ದಲ್ಲದೆ ಮದ್ಯದ ಮಾರಾಟವನ್ನೇ ನಿಲ್ಲಿಸಿತು. ಅಲ್ಲಿ ಕೊಲೆ, ಹೊಡೆದಾಟ, ಅಪಘಾತಗಳಿಂದ ವಾರಕ್ಕೆ ಸುಮಾರು ಒಂದು ಸಾವಿರ ಮಂದಿ ಸಾಯುತ್ತಿದ್ದರು. ಆ ಸಂಖ್ಯೆ ಸುಮಾರು ಅರ್ಧಕ್ಕೆ ಕುಸಿಯಿತು. ಜೂನ್ 1ರಂದು ಮದ್ಯದಂಗಡಿ ತೆರೆದಾಗ ಮತ್ತೆ ಏರಿತು. ಗಾಯಾಳುಗಳಿಂದ ಆಸ್ಪತ್ರೆಗಳು ತುಂಬತೊಡಗಿದ ಮೇಲೆ ಜುಲೈ 12ರಂದು ಸರ್ಕಾರ ಮತ್ತೆ ಅಂಗಡಿ ಮುಚ್ಚಿಸಿತು. ಒಂದು ದೇಶ ತನ್ನ ಮೇಲೆ ತಾನೇ ನಡೆಸಿಕೊಂಡ ಪ್ರಯೋಗವೆಂದು ಇದನ್ನು ಕರೆಯಬಹುದು.

ಹಾಗೆಂದು ಹೆಂಡವನ್ನು ಒಮ್ಮೆಗೇ ಕಿತ್ತುಕೊಂಡರೆ ಎಲ್ಲರಿಗೂ ಒಳ್ಳೆಯದಾಗುತ್ತದೆಯೆ? ನೆರೆಯ ಕೇರಳದಲ್ಲಿ ಲಾಕ್‌ಡೌನಿನ ಮೊದಲ ವಾರದಲ್ಲಿಯೇ, ಕುಡಿತಕ್ಕೆ ದಾಸರಾಗಿದ್ದ ಹಲವರು ಅದು ಸಿಗದ ಯಾತನೆಯಲ್ಲಿ ಆತ್ಮಹತ್ಯೆ ಮಾಡಿಕೊಂಡ ಸುದ್ದಿ ಬಂತು. ಮಾರ್ಚಿ 30ರಂದು ಆ ಸರ್ಕಾರ ವೈದ್ಯರ ಚೀಟಿಯ ಮೇಲೆ ಮದ್ಯ ಕೊಡುವ ಆಜ್ಞೆ ಹೊರಡಿಸಿತು. ವೈದ್ಯರೇ ವಿರೋಧಿಸಿದರು. ಏಪ್ರಿಲ್ 2ರಂದು ಹೈಕೋರ್ಟು ತಡೆ ನೀಡಿತು. ಜುಲೈ ಕೊನೆಯಲ್ಲಿ ಆಂಧ್ರದ ಪ್ರಕಾಶಂ ಜಿಲ್ಲೆಯ ಕುರಿಚೇಡುವಿನಲ್ಲಿ, ಸ್ಥಳೀಯ ನಿರ್ಬಂಧದಿಂದ ಅಂಗಡಿ ಮುಚ್ಚಿದ್ದಾಗ, ಕೈ ತೊಳೆಯುವ ಸ್ಯಾನಿಟೈಸರನ್ನು ಕುಡಿದು ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಒಂದೇ ಬೀಗ. ಅದು ಆ ದೇಶದಲ್ಲಿ ಸಾವಿರಾರು ಮಂದಿಯನ್ನು ಉಳಿಸಿತು, ಈ ಊರಿನಲ್ಲಿ ಹಲವರನ್ನು ಕೊಂದಿತು. ಬೀಗ ಜಡಿಯುವವನು ಒಳಗೆ ಸಿಕ್ಕಿಕೊಂಡವನು ಯಾರೆಂದು ಒಮ್ಮೆ ನೋಡಬೇಕಾಗುತ್ತದೆ.

*

‘ಮನೆಯಲ್ಲಿರಿ’ ಎಂಬ ಆಜ್ಞೆಯ ವ್ಯಾಕರಣವನ್ನು ಒಂದಿಷ್ಟು ವಿಚಾರಿಸೋಣ. ಕನ್ನಡ ಪಾಠ ಹೇಳುವವನಿಗೆ ಈ ಚಟ ಬಿಡದು. ‘ಇರಿ’ ಎಂಬುದು ಕ್ರಿಯೆ. ಅದನ್ನು ಪಾಲಿಸಬಹುದು, ಮೀರಬಹುದು. ‘ಮನೆಯಲ್ಲಿ’ ಎಂಬುದು ಸಪ್ತಮೀ ವಿಭಕ್ತಿ, ಅಧಿಕರಣ. ಅಧಿಕರಣವಿಲ್ಲದವನು ಈ ವಾಕ್ಯವನ್ನು ಪಾಲಿಸುವುದು ಹೇಗೆ? ನಗರದಲ್ಲಿ ಕಟ್ಟಡ ಕಟ್ಟುವವನಿಗೆ ಮನೆ ಇರುವುದು ಊರಿನಲ್ಲಿ. ಇಲ್ಲಿ ಇರುವುದು ತಗಡಿನ ಶೆಡ್ಡು. ಕೆಲಸ ಇರುವತನಕ ಶೆಡ್ಡು, ಕೂಲಿ ಬರುವತನಕ ಒಲೆ. ‘ಮನೆಯಲ್ಲಿರಿ’ ಎಂದಾಗ ಅವನು ಆಜ್ಞೆಯನ್ನು ಮುರಿಯಲಿಲ್ಲ. ಅದನ್ನು ಅಕ್ಷರಶಃ ಪಾಲಿಸಲು ಹೊರಟ. ಮನೆ ಮಾತ್ರ ನಾನೂರು ಕಿಲೋಮೀಟರು ಆಚೆ ಇತ್ತು.

ಲಾಕ್‌ಡೌನಿನ ಮೊದಲ ವಾರದಲ್ಲಿಯೇ, ತೆಲಂಗಾಣದಲ್ಲಿ ರಸ್ತೆ ಕೆಲಸಕ್ಕೆ ಹೋಗಿದ್ದ ಕರ್ನಾಟಕದ ಕೂಲಿಕಾರರು ತೆರೆದ ವಾಹನದಲ್ಲಿ ಊರಿಗೆ ಮರಳುತ್ತಿದ್ದಾಗ ಹೈದರಾಬಾದಿನ ಹೊರವರ್ತುಲ ರಸ್ತೆಯಲ್ಲಿ ಹಿಂದಿನಿಂದ ಲಾರಿ ಗುದ್ದಿ ಹಲವರು ಸತ್ತರು. ಏಪ್ರಿಲಿನಲ್ಲಿ ಅದೇ ತೆಲಂಗಾಣದ ಮೆಣಸಿನಕಾಯಿ ಹೊಲಗಳಿಂದ ಛತ್ತೀಸಗಢದ ತನ್ನ ಹಳ್ಳಿಗೆ ನಡೆದು ಹೊರಟ ಹನ್ನೆರಡು ವರ್ಷದ ಬಾಲಕಿಯೊಬ್ಬಳು, ಮೂರು ದಿನ ನಡೆದು, ಊರು ಇನ್ನೇನು ಬಂತೆನ್ನುವಾಗ ಸತ್ತಳು. ಮೇ 8ರ ಬೆಳಗಿನ ಜಾವ, ಮಹಾರಾಷ್ಟ್ರದ ಔರಂಗಾಬಾದಿನ ಬಳಿಯ ಕರಮಾಡಿನಲ್ಲಿ, ಜಾಲ್ನಾದ ಉಕ್ಕಿನ ಕಾರ್ಖಾನೆಯಿಂದ ಮಧ್ಯಪ್ರದೇಶದ ತಮ್ಮ ಊರುಗಳಿಗೆ ಹೊರಟಿದ್ದ ಕೂಲಿಗಳು ಹಳಿಯ ಗುಂಟ ನಡೆದು ದಣಿದು, ರೈಲುಗಳಂತೂ ಓಡುತ್ತಿಲ್ಲವಲ್ಲ ಎಂದು ಹಳಿಯ ಮೇಲೆಯೇ ಮಲಗಿದ್ದರು. ಸರಕಿನ ಗಾಡಿಯೊಂದು ಬಂತು. ಹದಿನಾರು ಮಂದಿ ಸತ್ತರು. ಅವರು ಬುತ್ತಿ ಕಟ್ಟಿಕೊಂಡಿದ್ದ ರೊಟ್ಟಿಗಳು ಹಳಿಯ ನಡುವೆ ಚೆಲ್ಲಿಬಿದ್ದಿದ್ದ ಚಿತ್ರವನ್ನು ನೀವು ಕಂಡಿದ್ದೀರಿ. ಎಂಟು ದಿನ ಕಳೆದು, ಉತ್ತರ ಪ್ರದೇಶದ ಔರೈಯಾದಲ್ಲಿ ಲಾರಿಗಳು ಡಿಕ್ಕಿ ಹೊಡೆದು ಇಪ್ಪತ್ತನಾಲ್ಕಕ್ಕೂ ಹೆಚ್ಚು ಮಂದಿ ಸತ್ತರು.

ಸೇವ್‌ಲೈಫ್ ಪ್ರತಿಷ್ಠಾನವೆಂಬ ಸಂಸ್ಥೆ ಸುದ್ದಿಗಳನ್ನು ಒಟ್ಟುಗೂಡಿಸಿ, ಮಾರ್ಚಿ 25ರಿಂದ ಮೇ 31ರ ವರೆಗೆ ರಸ್ತೆ ಅಪಘಾತಗಳಲ್ಲಿ ಸತ್ತ ವಲಸೆ ಕಾರ್ಮಿಕರು ಕನಿಷ್ಠ 198 ಮಂದಿಯೆಂದು ಲೆಕ್ಕ ಹಾಕಿತು. ಸರ್ಕಾರದ ಲೆಕ್ಕವೇನು? 2020ರ ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ ಈ ಪ್ರಶ್ನೆ ಬಂದಾಗ, ಊರಿಗೆ ಮರಳುವಾಗ ಸತ್ತ ಕಾರ್ಮಿಕರ ಅಂಕಿ ಸಂಖ್ಯೆ ಇರಿಸಿಲ್ಲವೆಂದು ಕಾರ್ಮಿಕ ಸಚಿವಾಲಯ ಉತ್ತರಿಸಿತು. ಲೆಕ್ಕವೇ ಇಲ್ಲದ ಮೇಲೆ ಪರಿಹಾರದ ಪ್ರಶ್ನೆ ಏಳುವುದಿಲ್ಲವೆಂದೂ ಹೇಳಲಾಯಿತು. ಮರಳಿದವರ ಲೆಕ್ಕ ಮಾತ್ರ ಇತ್ತು. ಅವರು ಒಂದು ಕೋಟಿಗೂ ಮೇಲೆ.

ನಮ್ಮ ರಾಜ್ಯವೂ ಈ ಕಥೆಯ ಹೊರಗೆ ನಿಲ್ಲುವುದಿಲ್ಲ. ಮೇ ತಿಂಗಳ ಮೊದಲಲ್ಲಿ ಕರ್ನಾಟಕ ಸರ್ಕಾರ ರಾಜ್ಯದೊಳಗಿನ ಕಾರ್ಮಿಕರನ್ನು ಉಚಿತವಾಗಿ ಬಸ್ಸುಗಳಲ್ಲಿ ಊರಿಗೆ ಕಳುಹಿಸಿಕೊಟ್ಟಿತು. ಅದು ಸ್ತುತ್ಯವಾದ ಕಾರ್ಯ. ಅದೇ ವಾರ, ಮೇ 5ರಂದು, ಕಟ್ಟಡ ನಿರ್ಮಾಪಕರೊಡನೆ ಸಭೆ ನಡೆದ ದಿನವೇ, ಹೊರರಾಜ್ಯದ ಕಾರ್ಮಿಕರ ವಿಶೇಷ ರೈಲುಗಳು ಬೇಡವೆಂದು ರೈಲ್ವೆಗೆ ಬರೆಯಿತು. ಎಲ್ಲೆಡೆಯಿಂದ ಟೀಕೆ ಎದ್ದ ಮೇಲೆ ಎರಡು ದಿನಗಳಲ್ಲಿ ಮನಸ್ಸು ಬದಲಾಯಿಸಿತು. ಇವೆರಡನ್ನೂ ಒಂದೇ ಸರ್ಕಾರ ಒಂದೇ ವಾರದಲ್ಲಿ ಮಾಡಿತೆಂಬುದನ್ನು ನೆನೆದಾಗ, ಆ ಕಾಲದಲ್ಲಿ ಆಜ್ಞೆಗಳು ಎಷ್ಟು ತೆಳುವಾದ ತಿಳಿವಳಿಕೆಯ ಮೇಲೆ ಹೊರಡುತ್ತಿದ್ದವೆಂಬುದು ಮನಸ್ಸಿಗೆ ಬರುತ್ತದೆ.

ಹುಡುಗನ ತಂದೆ ಮಾರ್ಚಿಯ ಕೊನೆಯಲ್ಲಿ ಹೊರಟಿದ್ದ. ಮೇ ತನಕ ತಡೆದಿದ್ದರೆ ಸರ್ಕಾರದ ಕೆಂಪು ಬಸ್ಸಿನಲ್ಲಿ ಬಿಟ್ಟಿಯಾಗಿ ಊರು ಸೇರುತ್ತಿದ್ದ. ಆದರೆ ಅವನ ಅಕ್ಕಿ ನಾಲ್ಕು ದಿನದ್ದು.

*

ಇನ್ನು, ಮನೆ ಉಳ್ಳವರ ಮಾತು. ಬಾಗಿಲು ಹಾಕಿಕೊಂಡವರೆಲ್ಲ ಕ್ಷೇಮವಾಗಿದ್ದರೆ? ಅದನ್ನೂ ಹೇಳಲು ಬಾರದು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪುಸ್ತಕದ ಪ್ರಕಾರ 2019ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,39,123. 2020ರಲ್ಲಿ 1,53,052. ಇದರ ಹಿಂದಿನ ವರ್ಷವೂ ಸಂಖ್ಯೆ ಏರಿತ್ತು. ಆದ್ದರಿಂದ ಇದೆಲ್ಲವನ್ನೂ ಲಾಕ್‌ಡೌನಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಯಾರು ಹೆಚ್ಚಾದರು ಎಂಬುದನ್ನು ನೋಡಿ. ದಿನಗೂಲಿಯವರು 32,563 ಇದ್ದದ್ದು 37,666 ಆದರು. ವಿದ್ಯಾರ್ಥಿಗಳು 10,335ರಿಂದ 12,526ಕ್ಕೆ ಏರಿದರು. ಸಣ್ಣಪುಟ್ಟ ವ್ಯಾಪಾರಗಾರರೂ ಹೆಚ್ಚಾದರು. ಕೂಲಿ ನಿಂತವನು, ಶಾಲೆ ನಿಂತವನು, ಅಂಗಡಿ ನಿಂತವನು, ಈ ಮೂವರೂ ಒಂದೇ ಪುಟದಲ್ಲಿದ್ದಾರೆ.

ಜಪಾನಿನ ಅನುಭವ ಇನ್ನೂ ಸೂಕ್ಷ್ಮವಾದುದು. ಅಲ್ಲಿ ರೋಗದ ಮೊದಲ ಅಲೆಯ ತಿಂಗಳುಗಳಲ್ಲಿ ಆತ್ಮಹತ್ಯೆಗಳು ಇಳಿದವು. ಕಛೇರಿಯ ಒತ್ತಡ, ಶಾಲೆಯ ಒತ್ತಡ, ಜನಜಂಗುಳಿಯ ರೈಲು, ಇವೆಲ್ಲ ಕೆಲಕಾಲ ತಪ್ಪಿದ್ದು ಕಾರಣವಿರಬಹುದೆಂದು ತಿಳಿದವರು ಹೇಳಿದರು. ಆದರೆ ಜುಲೈಯಿಂದ ಮುಂದೆ ಏರತೊಡಗಿದವು. ಅದರಲ್ಲಿಯೂ ಹೆಂಗಸರು ಮತ್ತು ಎಳೆಯರು. ಹತ್ತು ವರ್ಷಗಳಿಂದ ಇಳಿಯುತ್ತ ಬಂದಿದ್ದ ಸಂಖ್ಯೆ 20,169ರಿಂದ 21,081ಕ್ಕೆ ತಿರುಗಿತು. ಆಪತ್ತು ಹೊಸದಾಗಿರುವಾಗ ಮನುಷ್ಯ ಹಲ್ಲು ಕಚ್ಚಿ ನಿಲ್ಲುತ್ತಾನೆ. ಅದು ಹಳೆಯದಾದಾಗ, ಇತರರು ತಮ್ಮ ಪಾಡಿಗೆ ತಾವು ಹೊರಟುಹೋದಾಗ, ಒಳಗೊಳಗೆ ಕುಸಿಯುತ್ತಾನೆ ಎಂದು ನನಗೆ ತೋರುತ್ತದೆ.

ನಾನು ಇಲ್ಲಿ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಆ ವರ್ಷ ತರಗತಿಗಳು ಫೋನಿನ ಪರದೆಯ ಮೇಲೆ ನಡೆದವು. ಅರುವತ್ತು ವಿದ್ಯಾರ್ಥಿಗಳಲ್ಲಿ ಇಪ್ಪತ್ತೆರಡು ಮಂದಿ ಬರುತ್ತಿದ್ದರು. ಉಳಿದ ಮೂವತ್ತೆಂಟು ಮಂದಿ ಎಲ್ಲಿದ್ದಾರೆಂದು ನಾನು ಕೇಳಲಿಲ್ಲ. ಹಾಜರಿ ಪುಸ್ತಕದಲ್ಲಿ ಗೈರುಹಾಜರೆಂದು ಗುರುತು ಹಾಕಿ, ನಡುಗನ್ನಡ ಸಾಹಿತ್ಯವನ್ನು ಮುಂದುವರಿಸಿದೆ. ತಂದೆ ಸತ್ತ ಆ ಹುಡುಗ ಮೂವತ್ತೆಂಟರಲ್ಲಿ ಒಬ್ಬ. ಅವನು ಆಗ ಅಜ್ಜಿಯ ಮನೆಯಲ್ಲಿದ್ದುಕೊಂಡು ಹೊಲದ ಕೂಲಿಗೆ ಹೋಗುತ್ತಿದ್ದ. ಅವನೂ ಬ್ಯೂರೋದ ಪುಸ್ತಕದ ಆ ಪುಟಕ್ಕೆ ಸೇರಿಹೋಗದಿದ್ದುದು ಅವನ ತಾಯಿಯ ಪುಣ್ಯ. ಅದರಲ್ಲಿ ಗುರುಗಳಾದ ನಮ್ಮ ಪಾಲೇನೂ ಇರಲಿಲ್ಲ. ಇಂದು ಅಂಥ ಮನಸ್ಸಿನವರಿಗೆ ‘ಟೆಲಿ ಮಾನಸ್’ ಎಂಬ ಸರ್ಕಾರಿ ವ್ಯವಸ್ಥೆಯಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದದ್ದು, ನಮ್ಮ ನಿಮ್ಹಾನ್ಸ್ ಅದರ ಕೇಂದ್ರಸ್ಥಾನಗಳಲ್ಲಿ ಒಂದು. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಹಾಲಿನವನ, ಗ್ಯಾಸಿನವನ ಸಂಖ್ಯೆಗಳ ಪಕ್ಕದಲ್ಲಿ ಬರೆದಿಟ್ಟುಕೊಂಡರೆ ನಷ್ಟವೇನೂ ಇಲ್ಲ.

*

ಹಾಗಾದರೆ ಲಾಕ್‌ಡೌನ್ ಮಾಡಬಾರದಾಗಿತ್ತೆ ಎಂದು ಕೇಳುವ ಓದುಗರಿದ್ದಾರೆ. ಆ ತೀರ್ಪು ಕೊಡುವ ಅಧಿಕಾರ ಕನ್ನಡ ಎಂ.ಎ.ಗೆ ಇಲ್ಲ. ರೋಗ ನಿಜವಾಗಿತ್ತು, ಭಯವೂ ನಿಜವಾಗಿತ್ತು. ಮರುವರ್ಷದ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿ ನಿಂತದ್ದನ್ನು ಕಂಡವರು ಯಾರೂ ರೋಗವನ್ನು ಹಗುರವಾಗಿ ಮಾತನಾಡಲಾರರು. ನಾನು ಹೇಳುವುದು ಇಷ್ಟೆ: ಕೋಟ್ಯಂತರ ಜನರನ್ನು ಮನೆಯಲ್ಲಿರಿಸುವ ಆಜ್ಞೆ ಸಾವನ್ನು ಅಳಿಸುವುದಿಲ್ಲ. ಅದು ಸಾವಿನ ವಿಳಾಸವನ್ನು ಬದಲಾಯಿಸುತ್ತದೆ. ಕೆಲವರ ಬಾಗಿಲಿನಿಂದ ಎತ್ತಿ ಬೇರೆ ಕೆಲವರ ಬಾಗಿಲಿಗೆ ಕಳುಹಿಸುತ್ತದೆ. ನಮ್ಮ ತಾಯಿಯ ಮುಂದಿನ ಮುಖ್ಯರಸ್ತೆಯಿಂದ ಅದು ಎದ್ದುಹೋಗಿ ಹಿರಿಯೂರಿನ ಆಚೆಯ ಹೆದ್ದಾರಿಯಲ್ಲಿ ಕುಳಿತಿತು. ಯಾರಿಂದ ಎತ್ತಿ ಯಾರಿಗೆ ಕೊಟ್ಟೆವೆಂಬ ಲೆಕ್ಕವನ್ನು ಇಡುವುದು ಆಜ್ಞೆ ಮಾಡಿದವರ ಧರ್ಮ. ಅದರ ಸುಖವನ್ನು ಉಂಡ ನಮ್ಮ ಧರ್ಮವೂ ಹೌದು.

ಇನ್ನೊಂದು ಮಾತಿದೆ, ಅದು ನಮ್ಮೆಲ್ಲರಿಗೂ ಸೇರಿದ್ದು. ಉಳಿದ ಆ ಹತ್ತೊಂಬತ್ತು ಸಾವಿರ ಜೀವಗಳು ನಮಗೆ ಒಂದು ಪಾಠ ಹೇಳಿದ್ದವು: ರಸ್ತೆಯ ಸಾವು ಹಣೆಬರಹವಲ್ಲ, ತಡೆಯಬಹುದಾದದ್ದು. ಮನೆಯಲ್ಲಿ ಕೂರದೆಯೂ, ವೇಗ ತಗ್ಗಿಸಿ, ತಲೆಗೆ ಹೆಲ್ಮೆಟ್ಟು ಧರಿಸಿ, ನಡೆಯುವವನಿಗೆ ಕಾಲುದಾರಿ ಬಿಟ್ಟು ತಡೆಯಬಹುದಾದದ್ದು. ನಾವು ಆ ಪಾಠ ಕಲಿತೆವೆ? 2021ರಲ್ಲಿ ರಸ್ತೆಯಲ್ಲಿ ಸತ್ತವರು 1,53,972. 2022ರಲ್ಲಿ 1,68,491. 2023ರಲ್ಲಿ 1,72,000ದ ಮೇಲೆ. ಹೋದ ಪುಟ್ಟ, ಬಂದ ಪುಟ್ಟ. ನನ್ನ ತಾಯಿ ಮತ್ತೆ ರಸ್ತೆಯ ಅಂಚಿನಲ್ಲಿ ನಿಂತು ಯಾರಾದರೂ ಕೈ ಹಿಡಿದು ದಾಟಿಸುತ್ತಾರೇನೋ ಎಂದು ಕಾಯುತ್ತಾರೆ.

*

ಅರ್ಜಿಯ ಮಾತಿಗೆ ಮರಳುತ್ತೇನೆ. ರೋಗದಿಂದ ಸತ್ತವರ ಕುಟುಂಬಕ್ಕೆ, ಸುಪ್ರೀಂ ಕೋರ್ಟಿನ ಆದೇಶದಂತೆ, ತಲಾ ಐವತ್ತು ಸಾವಿರ ರೂಪಾಯಿಗಳ ನೆರವು 2021ರಲ್ಲಿ ನಿಗದಿಯಾಯಿತು. ರೋಗ ತಗುಲಿ ಮೂವತ್ತು ದಿನಗಳೊಳಗೆ ಆತ್ಮಹತ್ಯೆ ಮಾಡಿಕೊಂಡವರನ್ನೂ ನ್ಯಾಯಾಲಯದ ಮಾತಿನ ಮೇಲೆ ಆ ಪಟ್ಟಿಗೆ ಸೇರಿಸಿದರು. ಅದು ಯೋಗ್ಯವಾದ ಕಾರ್ಯ. ಗುದ್ದಿ ಓಡಿದ ವಾಹನದಿಂದ ಸತ್ತವರಿಗೆ ಆ ಕಾಲದಲ್ಲಿ ಕಾನೂನು ಕೊಡುತ್ತಿದ್ದದ್ದು ಇಪ್ಪತ್ತೈದು ಸಾವಿರ. 2022ರ ಏಪ್ರಿಲಿನಿಂದ ಅದು ಎರಡು ಲಕ್ಷವಾಗಿದೆ. ಹುಡುಗನ ತಾಯಿಗೆ ಆ ಇಪ್ಪತ್ತೈದು ಸಾವಿರ ಇದೆಯೆಂಬುದೂ ಗೊತ್ತಿರಲಿಲ್ಲ. ಹೇಳುವವರೂ ಇರಲಿಲ್ಲ.

ಅಂದು ಅವನು ನನ್ನ ಮೇಜಿನ ಮುಂದೆ ಇನ್ನೂ ಒಂದು ಪ್ರಶ್ನೆ ಕೇಳಿದ್ದ. ಅದರಲ್ಲಿ ಕಹಿಯೇನೂ ಇರಲಿಲ್ಲ. ಒಂದು ಸಂದೇಹವನ್ನು ಕೇಳುವಂತೆ ಕೇಳಿದ. “ಸರ್, ನಮ್ಮಪ್ಪ ಶೆಡ್ಡಿನಾಗ ಇದ್ದು ಜ್ವರ ಬಂದು ಸತ್ತಿದ್ರ ಇದರಾಗ ಬರ್ತಿದ್ರೇನ್ರಿ?”

“ಬರುತ್ತಿದ್ದರಪ್ಪ” ಎಂದೆ. ಬೇರೆ ಏನು ಹೇಳಲಿ?

“ಅವರು ಸತ್ತದ್ದೂ ಇದಕ್ಕೇ ಅಲ್ರಿ?” ಎಂದ.

ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. “ನಿನಗೆ ಸರಿ ಎನ್ನಿಸಿದ್ದನ್ನು ಬರೆ. ನಾನು ಸಹಿ ಹಾಕಿ ಕಳುಹಿಸುತ್ತೇನೆ” ಎಂದೆ. ಅವನು ಬರೆದ, ನಾನು ಸಹಿ ಹಾಕಿದೆ. ಮೂರು ವಾರಗಳ ಮೇಲೆ ಅದು ಕೆಂಪು ಷರಾ ಹೊತ್ತು ಹಿಂದಿರುಗಿತು. ಗುಮಾಸ್ತರ ತಪ್ಪೇನೂ ಇರಲಿಲ್ಲ, ನಿಯಮ ಇದ್ದದ್ದೇ ಹಾಗೆ. ಅಧ್ಯಾಪಕರ ಕೊಠಡಿಯಲ್ಲಿ ನಾವು ಏಳೆಂಟು ಮಂದಿ ಕೂಡಿ ಆ ವರ್ಷದ ಶುಲ್ಕವನ್ನು ಕಟ್ಟಿದೆವು. ಅವನು ತೇರ್ಗಡೆಯಾದ, ಆಮೇಲೆ ಬಿ.ಎಡ್. ಮಾಡಿದ. ಈಗ ತನ್ನ ಜಿಲ್ಲೆಯಲ್ಲಿಯೇ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಾನೆ. ತಾಯಿ ಮತ್ತೆ ಬೆಂಗಳೂರಿಗೆ ಬರಲಿಲ್ಲ.

ಈ ಯುಗಾದಿಗೂ ಆ ಅರ್ಜಿಯನ್ನು ಹೊರಗೆ ಹಾಕಲಾರದೆ ಬೀರುವಿನಲ್ಲಿಯೇ ಮರಳಿ ಇಟ್ಟೆ. ‘ಮರಣಕ್ಕೆ ಕಾರಣ’ ಎಂಬ ಅಚ್ಚಿನ ಅಕ್ಷರಗಳ ಮುಂದೆ, ನೀಲಿ ಶಾಯಿಯಲ್ಲಿ, ದುಂಡನೆಯ ಅಕ್ಷರಗಳಲ್ಲಿ ಅವನು ಎರಡೇ ಪದ ಬರೆದಿದ್ದಾನೆ:

‘ಮನೆಗೆ ಹೋಗುತ್ತಿದ್ದರು.’